ಗಳಿಸಿದ ಕೈಯಲ್ಲೇ ಲೆಕ್ಕದ ವಹಿಯೂ ಇರಲಿ

ದೀಪಾವಳಿ ಅಮಾವಾಸ್ಯೆಗೆ ನಮ್ಮ ಹುಲಜಂತಿಯಲ್ಲಿ ಶ್ರೀ ಮಹಾಲಿಂಗರಾಯರ ದೊಡ್ಡ ಜಾತ್ರೆ ಕೂಡುತ್ತದೆ. ಸೊಲ್ಲಾಪುರ ಜಿಲ್ಲೆ ಮಂಗಳವೇಢೆ ತಾಲೂಕಿನ ಈ ಗಡಿ ಹಳ್ಳಿಗೆ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ, ತೆಲಂಗಾಣದ ಭಕ್ತರು ಬರುತ್ತಾರೆ. ಪಲ್ಲಕ್ಕಿಗಳ ಭೇಟಿಯ ಹೊತ್ತಿಗೆ ಭಂಡಾರ ಹಾರಿ ಊರಿಗೆ ಊರೇ ಹಳದಿಯಾಗುತ್ತದೆ. ನಮ್ಮದು ಕಿರಾಣಿ ಮತ್ತು ಕಾಳುಕಡಿ ವ್ಯಾಪಾರ. ಜಾತ್ರೆಯ ದಿನಗಳಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಸಾಲು ಹಿಡಿದ ಪಾಲುಗಳನ್ನು ನೋಡುವುದು ನಮಗೆ ಚಿಕ್ಕಂದಿನಿಂದಲೂ ರೂಢಿ.

ಆ ಪಾಲುಗಳಲ್ಲಿ ಹೆಣ್ಣುಮಕ್ಕಳೇ ಬಹಳ. ಭಂಡಾರ, ತೆಂಗಿನಕಾಯಿ, ಚುರಮುರಿ, ಬಳೆ, ಭಜಿ, ಎಲ್ಲವನ್ನೂ ಅವರೇ ಮಾರುತ್ತಾರೆ. ಗಿರಾಕಿಯೊಡನೆ ಮಾತಾಡುವುದು, ತೂಗಿ ಕೊಡುವುದು, ಚೌಕಾಸಿಯಲ್ಲಿ ಗೆಲ್ಲುವುದು, ಯಾವುದರಲ್ಲಿಯೂ ಕಡಿಮೆಯಿಲ್ಲ. ಆದರೆ ಕೆಲವು ವರ್ಷಗಳಿಂದ ನಾವು ಒಂದು ಮಾತನ್ನು ಗಮನಿಸುತ್ತ ಬಂದಿದ್ದೇವೆ. ರಾತ್ರಿ ಪಾಲು ಎತ್ತುವಾಗ ರೊಕ್ಕದ ಚೀಲ ಬಿಚ್ಚದೆಯೇ ಗಂಡನ ಅಥವಾ ಮಗನ ಕೈಗೆ ಹೋಗುತ್ತದೆ. ಈಗ ಫೋನಿನಿಂದ ರೊಕ್ಕ ಕೊಡುವ ಕಾಲ. ಪಾಲಿನ ಮುಂದೆ ತೂಗುಹಾಕಿದ ಕ್ಯೂಆರ್ ಹಲಗೆ ಮಗನ ಖಾತೆಯದು. ತಕ್ಕಡಿ ತಾಯಿಯದು, ಖಾತೆ ಮಗನದು. "ಇವತ್ತ ಎಷ್ಟ ಆತವ್ವಾ?" ಎಂದು ಕೇಳಿದರೆ, "ನಂಗೇನ ಗೊತ್ತರಿ ಕಾಕಾ, ಹುಡುಗನ ಕೇಳ್ರಿ" ಎಂಬ ಉತ್ತರ.

ಗಳಿಕೆ ಬೇರೆ, ಗಳಿಕೆಯ ಲೆಕ್ಕ ಬೇರೆ. ಲೆಕ್ಕ ಯಾರ ಕೈಯಲ್ಲಿದೆಯೋ ರೊಕ್ಕ ಅವರದು. ಮಹಿಳೆಯರ ಉದ್ಯೋಗದ ಬಗ್ಗೆ ಭಾಷಣಗಳು ಬಹಳ ಆಗುತ್ತವೆ, ಈ ಮಾತು ಮಾತ್ರ ಅಪರೂಪಕ್ಕೆ ಬರುತ್ತದೆ. ನಾವು ಮೆಟ್ರಿಕ್‌ವರೆಗೆ ಕಲಿತ ಸಾಮಾನ್ಯ ವ್ಯಾಪಾರಿಗಳು. ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ. ನಮ್ಮ ಮನೆಯಲ್ಲಿ ನಮ್ಮಿಂದಲೇ ಆದ ತಪ್ಪು ಓದುಗ ಬಂಧು-ಭಗಿನಿಯರಿಗೆ ತಿಳಿದರೆ ನಾಲ್ಕು ಮನೆಯಲ್ಲಿ ಅದು ತಪ್ಪೀತು ಎಂಬ ಆಸೆಯಿಂದ ಬರೆಯುತ್ತಿದ್ದೇವೆ.

ನಮ್ಮ ಮನೆಯ ತಪ್ಪು

ನಮ್ಮ ವೈನಿಯವರು ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಮಾಡಿ ಮಾರುವವರು. ಮಂಗಳವೇಢೆಯ ಜೋಳದ ರುಚಿ ಎಲ್ಲರಿಗೂ ಗೊತ್ತಿದ್ದದ್ದೇ. ೨೦೧೬ರಲ್ಲಿ ಅದಕ್ಕೆ ಭೌಗೋಲಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆ ಜೋಳದ ತೆಳ್ಳನೆಯ ಒಣ ರೊಟ್ಟಿಗೆ ಸೊಲ್ಲಾಪುರ, ಪುಣೆಯವರೆಗೆ ಗಿರಾಕಿ. ವೈನಿಯವರ ಕೈ ಬಹಳ ಹದ. ಮಾಡುವುದು ಅವರು, ಲೆಕ್ಕ ಇಡುವುದು ನಮ್ಮ ಅಣ್ಣ ಮತ್ತು ನಾವು. "ಹೆಣ್ಣುಮಕ್ಕಳಿಗೆ ಆ ತಲಿನೋವು ಯಾಕ" ಎಂದು ನಾವು ಅದನ್ನು ಪ್ರೀತಿ ಎಂದೇ ತಿಳಿದಿದ್ದೆವು.

೨೦೧೧ರಲ್ಲಿ ಒಂದು ಸಂಸ್ಥೆಯಲ್ಲಿ ಮಹಿಳೆಯರ ಉದ್ಯೋಗಕ್ಕೆ ಕಡಿಮೆ ಬಡ್ಡಿಯ ಸಾಲ ಕೊಡುತ್ತಿದ್ದರು. ವೈನಿಯವರ ಹೆಸರಿನಲ್ಲಿ ಐವತ್ತು ಸಾವಿರ ತೆಗೆದೆವು. "ವೈನಿ, ಇಲ್ಲೊಂದು ಸಹಿ ಮಾಡ್ರಿ" ಎಂದವರು ನಾವೇ. ರೊಟ್ಟಿಯ ಕೈ ತೊಳೆದುಕೊಂಡು ಬಂದು, ಓದದೆ ಸಹಿ ಮಾಡಿ, ಮತ್ತೆ ಒಲೆಯ ಮುಂದೆ ಹೋದರು. ಆ ರೊಕ್ಕ ಹೋದದ್ದು ನಮ್ಮ ಅಂಗಡಿಯ ಮಾಲಿಗೆ. ಮರುವರ್ಷ ೨೦೧೨ರ ಬರ ಬಿತ್ತು. ಊರಲ್ಲಿ ಉದ್ರಿ ವಸೂಲಾಗಲಿಲ್ಲ, ನಾವು ಕಂತು ಕಟ್ಟಲಿಲ್ಲ. ಅದರ ಮುಂದಿನ ವರ್ಷ ಅಣ್ಣ ತೀರಿಕೊಂಡರು.

೨೦೧೪ರ ಸುಗ್ಗಿಯಲ್ಲಿ ವೈನಿಯವರು ತಾವಾಗಿಯೇ ಒಂದು ಬ್ಯಾಂಕಿಗೆ ಹೋದರು. ಸುಗ್ಗಿಯಲ್ಲಿ ಅಗ್ಗವಿದ್ದಾಗ ವರ್ಷದ ಜೋಳ ಹಿಡಿದಿಟ್ಟರೆ ಲಾಭ ಎಂಬ ವ್ಯಾಪಾರದ ಬುದ್ಧಿ ಅವರಿಗೆ ನಾವು ಕಲಿಸಿದ್ದಲ್ಲ, ತಾನಾಗಿ ಬಂದದ್ದು. ಬ್ಯಾಂಕಿನವರು ಕಾಗದ ನೋಡಿ, "ನಿಮ್ಮ ಹೆಸರಿನ ಮೇಲೆ ಹಳೆಯ ಸಾಲ ಬಾಕಿ ಇದೆ, ಕೊಡಲು ಬರುವುದಿಲ್ಲ" ಎಂದರು. ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತು ನಮ್ಮನ್ನು ಕರೆದರು. ಸಿಟ್ಟು ಮಾಡಲಿಲ್ಲ. "ತಮ್ಮಾ, ನಾ ಸಾಲಾನೇ ತಗೊಂಡಿಲ್ಲಲ್ಲೊ. ಬಾಕಿ ಹೆಂಗ ಆತು?" ಎಂದು ಕೇಳಿದರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಕಿರ್ದಿ-ಖತಾವಣಿ ಬರೆದ ಕೈ ನಮ್ಮದು. ಒಂದು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿ ನಿದ್ದೆ ಬರದು ಎಂದು ಹೇಳಿಕೊಳ್ಳುತ್ತಿದ್ದೆವು. ಮನೆಯ ಹೆಣ್ಣುಮಗಳ ಹೆಸರಿನ ಮೇಲೆ ಸಾಲ ಬರೆದು, ಅವರಿಗೇ ಹೇಳದೆ ಬಿಟ್ಟಿದ್ದೆವು. ಎರಡು ವರ್ಷದಲ್ಲಿ ಆ ಬಾಕಿ ತೀರಿಸಿದೆವು. ಆದರೆ ವೈನಿಯವರು ಅಷ್ಟಕ್ಕೇ ಬಿಡಲಿಲ್ಲ. "ಇನ್ನ ಮುಂದ ನನ್ನ ಲೆಕ್ಕ ನಾನ ಬರೀತೀನಿ" ಎಂದರು. ಮೊಮ್ಮಗಳು ಆಗ ಐದನೆಯ ಇಯತ್ತೆ. ಸಂಜೆ ಅವಳ ಪಾಟಿಯ ಮೇಲೆ ಅಜ್ಜಿ-ಮೊಮ್ಮಗಳು ಇಬ್ಬರೂ ಗುಣಾಕಾರ ಮಾಡುತ್ತಿದ್ದರು.

ರೊಟ್ಟಿಯ ಲೆಕ್ಕ

ಮೊದಲ ತಿಂಗಳಲ್ಲಿಯೇ ವೈನಿಯವರ ವಹಿ ಒಂದು ಗುಟ್ಟು ಬಿಚ್ಚಿತು. ಓದುಗರಿಗೆ ತಿಳಿಯಲೆಂದು ಈಗಿನ ಅಂದಾಜು ದರದಲ್ಲಿ ಹೇಳುತ್ತೇವೆ. ಊರೂರಿಗೆ ಹೆಚ್ಚುಕಡಿಮೆ ಇದ್ದೀತು. ನೂರು ತೆಳು ರೊಟ್ಟಿಗೆ ಐದು ಕಿಲೋ ಜೋಳ, ಬೀಸುವ ಕೂಲಿ ಸೇರಿ ೨೫೦ ರೂಪಾಯಿ. ಸಗಟು ವ್ಯಾಪಾರಿಗೆ ರೊಟ್ಟಿಗೆ ೫ರಂತೆ ಕೊಟ್ಟರೆ ೫೦೦ ಬರುತ್ತದೆ. "ಹಾಕಿದ್ದಕ್ಕ ದುಪ್ಪಟ್ಟು" ಎಂದು ಮನೆಯವರೆಲ್ಲ ತಿಳಿದಿದ್ದೆವು. ವಹಿಯಲ್ಲಿ ಎಲ್ಲವನ್ನೂ ಬರೆದಾಗ ಉರುವಲು ೬೦, ಎಳ್ಳು-ಉಪ್ಪು ೪೦, ಚೀಲ ಮತ್ತು ಕಟ್ಟುವ ಸಾಮಾನು ೫೦, ಮಾಲು ಮುಟ್ಟಿಸುವ ಬಸ್ಸಿನ ಖರ್ಚು ೫೦. ಒಟ್ಟು ಖರ್ಚು ೪೫೦. ಉಳಿದದ್ದು ೫೦. ನೂರು ರೊಟ್ಟಿ ಬಡಿದು ಒಣಗಿಸಲು ಐದು ತಾಸು ಹಿಡಿದರೆ ತಾಸಿಗೆ ೧೦ ರೂಪಾಯಿ ಕೂಲಿ ಬಿತ್ತು. ಮುರಿದ ರೊಟ್ಟಿ ಇದರಲ್ಲಿ ಹಿಡಿದಿಲ್ಲ.

ಹೊಲದ ಕೂಲಿಗೆ ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ. ಒಲೆಯ ಮುಂದೆ ಬೆವರು ಸುರಿಸಿ ದುಡಿದ ಕೂಲಿಯನ್ನು ಯಾರೂ ಖರ್ಚಿನಲ್ಲಿ ಹಿಡಿಯುವುದಿಲ್ಲ, ಏಕೆಂದರೆ ಅದು ಮನೆಯ ಹೆಣ್ಣುಮಗಳ ಕೆಲಸ. ನಮ್ಮ ಅಂಗಡಿಯ ಹುಡುಗನ ಪಗಾರ ಮಾತ್ರ ನಾವು ಖರ್ಚಿನಲ್ಲಿ ತಪ್ಪದೆ ಬರೆಯುತ್ತೇವೆ! ವೈನಿಯವರು ಸಗಟು ಕೊಡುವುದನ್ನು ಅರ್ಧಕ್ಕೆ ಇಳಿಸಿದರು, ನೇರ ಗಿರಾಕಿಗೆ ೭ ರೂಪಾಯಿಯಂತೆ ಹಚ್ಚಿದರು. ರೊಟ್ಟಿಯ ಜೊತೆಗೆ ಹೆಚ್ಚು ಲಾಭದ ಶೇಂಗಾ ಹಿಂಡಿ ಇಟ್ಟರು. ರೊಟ್ಟಿ ಮೊದಲಿನಷ್ಟೇ, ಕೈಗೆ ಬರುವ ರೊಕ್ಕ ಮಾತ್ರ ಹೆಚ್ಚಾಯಿತು.

ಬಡ್ಡಿಯ ಲೆಕ್ಕ

ಎರಡನೆಯದು ಬಡ್ಡಿ. "ತಿಂಗಳಿಗೆ ನೂರಕ್ಕೆ ಎರಡು" ಎಂದರೆ ಎಲ್ಲ ಕಡೆಯೂ ಒಂದೇ ಎಂದು ಹೆಣ್ಣುಮಕ್ಕಳು ತಿಳಿಯುತ್ತಾರೆ. ಹಾಗಲ್ಲ. ೧೦,೦೦೦ ಸಾಲ ತಂದು, ಹತ್ತು ತಿಂಗಳು ತಿಂಗಳಿಗೆ ೧,೦೦೦ ಅಸಲು ತೀರಿಸುತ್ತೀರಿ ಎನ್ನಿ. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ ಮೊದಲ ತಿಂಗಳು ೨೦೦, ಎರಡನೆಯದು ೧೮೦, ಹೀಗೆ ಇಳಿದು ಕೊನೆಯ ತಿಂಗಳು ೨೦, ಒಟ್ಟು ೧,೧೦೦. ಕೆಲವರು ತೀರಿದ ಅಸಲಿಗೂ ಬಡ್ಡಿ ಹಿಡಿದು ಹತ್ತೂ ತಿಂಗಳು ೨೦೦ರಂತೆ ೨,೦೦೦ ತೆಗೆದುಕೊಳ್ಳುತ್ತಾರೆ. ಬಾಯಲ್ಲಿ ಹೇಳುವ ದರ ಒಂದೇ, ಜೇಬಿನಿಂದ ಹೋಗುವುದರಲ್ಲಿ ೯೦೦ರ ಅಂತರ.

ಸಂತೆಯ ಹೆಣ್ಣುಮಕ್ಕಳಿಗೆ ದಿನದ ಸಾಲ ಕೊಡುವವರದು ಇನ್ನೂ ಬೇರೆ. ೧೦,೦೦೦ ಎಂದು ಬರೆಸಿಕೊಂಡು, ೧,೦೦೦ ಮೊದಲೇ ಹಿಡಿದು, ೯,೦೦೦ ಕೈಗೆ ಕೊಡುತ್ತಾರೆ. ನೂರು ದಿನ, ದಿನಕ್ಕೆ ೧೦೦. ದಿನದಿನಕ್ಕೆ ತೀರುತ್ತ ಹೋಗುವುದರಿಂದ ಸರಾಸರಿ ೪,೫೦೦ ಮಾತ್ರ ಕೈಯಲ್ಲಿ ಇದ್ದಂತೆ. ಅದಕ್ಕೆ ನೂರು ದಿನಕ್ಕೆ ೧,೦೦೦ ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ ೮೦ರ ಹತ್ತಿರ. "ದಿನಾ ನೂರ ರೂಪಾಯಿ ಅಷ್ಟ" ಎಂಬ ಮಾತಿನಲ್ಲಿ ಈ ಎಂಬತ್ತು ಕಾಣುವುದೇ ಇಲ್ಲ.

ನಮ್ಮ ಗಡಿಭಾಗದಲ್ಲಿ ಇನ್ನೊಂದು ತೊಂದರೆ ಇದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಾಲದ ಕಾಗದದ ಸಣ್ಣ ಅಕ್ಷರ ಇಂಗ್ಲಿಷ್. ಇದಕ್ಕೂ ಈಗ ದಾರಿಯಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ೨೦೨೪ರ ಅಕ್ಟೋಬರ್ ೧ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಸಣ್ಣ ಸಾಲ ಕೊಡುವಾಗ ಮುಖ್ಯಾಂಶಗಳ ಪತ್ರ ಕೊಡಬೇಕು. ಎಲ್ಲ ಖರ್ಚು ಸೇರಿ ವರ್ಷದ ನಿಜವಾದ ಬಡ್ಡಿ ದರ ಎಷ್ಟು ಎಂಬುದು ಅದರಲ್ಲಿ ಇರಬೇಕು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. "ಕನ್ನಡದೊಳಗ ಕೊಡ್ರಿ" ಎಂದು ಕೇಳಲು ಸಂಕೋಚ ಬೇಡ.

ಮ್ಹಸವಡದ ಹೆಣ್ಣುಮಕ್ಕಳು

"ಓದಲು ಬಾರದವರು ಲೆಕ್ಕ ಹೇಗೆ ಕಲಿಯುತ್ತಾರೆ?" ಎಂದು ಕೇಳುವವರಿಗೆ ನಮ್ಮ ನೆರೆಯ ಜಿಲ್ಲೆಯ ನಡೆದ ಸಂಗತಿ ಹೇಳುತ್ತೇವೆ. ಪಂಢರಪುರ ದಾಟಿ ಪಶ್ಚಿಮಕ್ಕೆ ಹೋದರೆ ಸಾತಾರಾ ಜಿಲ್ಲೆಯ ಮಾಣ ತಾಲೂಕು. ನಮ್ಮಂತೆಯೇ ಬರದ ಸೀಮೆ. ಅಲ್ಲಿಯ ಮ್ಹಸವಡಕ್ಕೆ ಮುಂಬಯಿಯಿಂದ ಮದುವೆಯಾಗಿ ಬಂದವರು ಶ್ರೀಮತಿ ಚೇತನಾ ಗಾಲಾ ಸಿನ್ಹಾ. ಕಮ್ಮಾರಿಕೆ ಮಾಡುವ ಒಬ್ಬ ಹೆಣ್ಣುಮಗಳು ಅವರ ಬಳಿ ಬಂದಳು. ಬೀದಿಯ ಮೇಲೆ ಸಂಸಾರ. ಮಳೆಗಾಲಕ್ಕೆ ಒಂದು ತಾಡಪತ್ರೆ ಕೊಳ್ಳಲು ಅಷ್ಟಷ್ಟೇ ಉಳಿಸಬೇಕು. ಇಷ್ಟು ಸಣ್ಣ ಉಳಿತಾಯಕ್ಕೆ ಬ್ಯಾಂಕು ಖಾತೆ ತೆರೆಯುತ್ತಿಲ್ಲ ಎಂಬುದು ಅವಳ ತಕರಾರು. ಅವಳು ಕೇಳಿದ್ದು ಸಾಲವಲ್ಲ, ರೊಕ್ಕ ಇಡಲು ಒಂದು ಜಾಗ.

ಹಾಗಾದರೆ ಮಹಿಳೆಯರದೇ ಬ್ಯಾಂಕು ತೆರೆಯೋಣ ಎಂದು ರಿಸರ್ವ್ ಬ್ಯಾಂಕಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕಾರವಾಯಿತು, ಪ್ರವರ್ತಕರಲ್ಲಿ ಹಲವರು ಹೆಬ್ಬೆಟ್ಟಿನವರು ಎಂಬುದು ಕಾರಣ. ಹೆಣ್ಣುಮಕ್ಕಳು ಅಳುತ್ತ ಕೂಡಲಿಲ್ಲ, ಓದು-ಬರಹ ಕಲಿಯಲು ಕುಳಿತರು. ಐದು ತಿಂಗಳ ಬಳಿಕ ಮತ್ತೆ ಅಧಿಕಾರಿಗಳ ಮುಂದೆ ನಿಂತು, ಎಷ್ಟೇ ಅಸಲಿಗೆ ಬಡ್ಡಿ ಕೇಳಿರಿ ನಾವು ಹೇಳುತ್ತೇವೆ, ನಿಮ್ಮವರೂ ಯಂತ್ರ ಮುಟ್ಟದೆ ಲೆಕ್ಕ ಮಾಡಲಿ, ಯಾರು ಮೊದಲು ಹೇಳುತ್ತಾರೋ ನೋಡೋಣ ಎಂದು ಸವಾಲು ಹಾಕಿದರು. ಪರವಾನಗಿ ಸಿಕ್ಕಿತು. ೧೯೯೭ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕು ಆರಂಭವಾಯಿತು.

ಆ ಬ್ಯಾಂಕಿನ ನಡೆ ವ್ಯಾಪಾರಿಗಳಾದ ನಾವೂ ಕಲಿಯುವಂಥದು. ಬ್ಯಾಂಕಿಗೆ ಬರಲು ಹೆಣ್ಣುಮಗಳು ಒಂದು ದಿನದ ಕೂಲಿ ಬಿಡಬೇಕು. ಅದಕ್ಕೆ ಬ್ಯಾಂಕಿನ ಮನುಷ್ಯನೇ ಮನೆ ಬಾಗಿಲಿಗೆ, ಸಂತೆಗೆ ಹೋಗಿ ರೊಕ್ಕ ಜಮಾ ಮಾಡಿಕೊಳ್ಳತೊಡಗಿದನು. ಪಾಸ್‌ಬುಕ್ಕು ಮನೆಯಲ್ಲಿ ಗಂಡನ ಕಣ್ಣಿಗೆ ಬಿದ್ದರೆ ಉಳಿತಾಯ ಉಳಿಯದು ಎಂದು ಹೆಣ್ಣುಮಕ್ಕಳು ಹೇಳಿದಾಗ ಕಾರ್ಡಿನ ವ್ಯವಸ್ಥೆ ಮಾಡಿದರು. ೨೦೦೬ರಲ್ಲಿ ಹಳ್ಳಿಯ ಮಹಿಳೆಯರಿಗಾಗಿ ವ್ಯಾಪಾರ ಕಲಿಸುವ ಶಾಲೆ ತೆರೆದರು. ಬಸ್ಸಿನಲ್ಲಿ ಊರೂರಿಗೆ ಹೋಗುವ ಶಾಲೆಯೂ ಇದೆ. ತಾಡಪತ್ರೆಯ ಮಾತಿನಿಂದ ಹೊರಟ ಚೇತನಾ ಅವರು ೨೦೧೮ರಲ್ಲಿ ಸ್ವಿಟ್ಜರ್‌ಲೆಂಡಿನ ದಾವೋಸದಲ್ಲಿ ಕೂಡಿದ ವಿಶ್ವ ಆರ್ಥಿಕ ವೇದಿಕೆಯ ಸಹ-ಅಧ್ಯಕ್ಷರಲ್ಲಿ ಒಬ್ಬರಾದರು.

ಇಂಥ ಉದಾಹರಣೆ ಇದೊಂದೇ ಅಲ್ಲ. ೧೯೫೯ರ ಮಾರ್ಚ್ ೧೫ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಗೃಹಿಣಿಯರು ೮೦ ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಅದೇ ಇಂದಿನ ಲಿಜ್ಜತ್ ಪಾಪಡ್. ದಾನ ಬೇಡ, ಲಾಭ-ಹಾನಿಯಲ್ಲಿ ಎಲ್ಲ ಸಹೋದರಿಯರೂ ಪಾಲುದಾರರು ಎಂಬುದು ಅವರ ಕಟ್ಟಳೆ. ನಮ್ಮ ಸೊಲ್ಲಾಪುರದಲ್ಲಿಯೇ ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಹಕಾರಿ ಸಂಘ ಮಾಡಿ, ಸರಕಾರದ ನೆರವಿನೊಡನೆ ತಮ್ಮ ಪಾಲನ್ನೂ ಹಾಕಿ, ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ ಹತ್ತು ಸಾವಿರ ಮನೆಗಳ ವಸತಿ ಕಟ್ಟಿಸಿಕೊಂಡರು. ೨೦೦೬ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರೇ ಬಂದು ಮನೆಗಳನ್ನು ಹಂಚಿದರು.

ಸೌಕರ್ಯ ಇವೆ, ಹೆಸರಿಗಷ್ಟೇ ಆಗಬಾರದು

ಸರಕಾರದ ಕಡೆಯಿಂದ ದಾರಿಗಳು ಕಡಿಮೆಯಿಲ್ಲ. ಮಹಾರಾಷ್ಟ್ರದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ ೧೯೭೫ರಿಂದ ಇದೆ. ೧೯೯೨ರಲ್ಲಿ ನಬಾರ್ಡ್ ಐದು ನೂರು ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಹೂಡಿತು. ನಾವು ಬಚತ ಗಟ ಎನ್ನುವ ಗುಂಪುಗಳು ಆಮೇಲೆ ಹಳ್ಳಿಹಳ್ಳಿಗೆ ಹಬ್ಬಿದವು. ೨೦೧೪ರಲ್ಲಿ ಜನಧನ ಖಾತೆ ಬಂತು, ೨೦೧೫ರಲ್ಲಿ ಅಡವು ಇಲ್ಲದ ಮುದ್ರಾ ಸಾಲ ಬಂತು. ಆದರೆ ಹೆಂಗಸಿನ ಹೆಸರು, ಗಂಡಸಿನ ರೊಕ್ಕ ಎಂಬುದು ನಮ್ಮ ಮನೆಯಲ್ಲಿ ಆದಂತೆಯೇ ಎಷ್ಟೋ ಮನೆಗಳಲ್ಲಿ ಆಗಿದೆ. ಸಾಲದ ಕಾಗದದಲ್ಲಿ ಹೆಸರು ಬಂದ ಮಾತ್ರಕ್ಕೆ ಉದ್ಯೋಗ ಬಂದಂತಲ್ಲ.

ವೈನಿಯವರ ವಹಿಯಿಂದ ನಾವು ಕಲಿತದ್ದನ್ನು ಐದು ಮಾತಿನಲ್ಲಿ ಹೇಳುತ್ತೇವೆ:

೧. ಎರಡು ಡಬ್ಬಿ ಇಡಿರಿ. ಒಂದು ಮನೆಯದು, ಒಂದು ವ್ಯಾಪಾರದ್ದು. ಮನೆಗೆ ಬೇಕಾದರೆ ವ್ಯಾಪಾರದ ಡಬ್ಬಿಯಿಂದ ಬರೆದು ತೆಗೆಯಿರಿ. ಬಂಡವಾಳ ಕರಗುವುದು ನಷ್ಟದಿಂದಲೇ ಅಲ್ಲ, ಬರೆಯದೆ ತೆಗೆದ ಹತ್ತು-ಇಪ್ಪತ್ತರಿಂದಲೂ.

೨. ದಿನಕ್ಕೆ ನಾಲ್ಕು ಸಾಲು ಬರೆಯಿರಿ: ಬಂದದ್ದು, ಹೋದದ್ದು, ಉದ್ರಿ, ಉಳಿದದ್ದು. ಖರ್ಚಿನಲ್ಲಿ ನಿಮ್ಮ ಕೂಲಿಯನ್ನೂ ಹಿಡಿಯಿರಿ.

೩. ಖಾತೆ ನಿಮ್ಮ ಹೆಸರಿನಲ್ಲಿ, ಕ್ಯೂಆರ್ ಆ ಖಾತೆಯದು, ಗುಪ್ತ ಸಂಖ್ಯೆ ನಿಮ್ಮ ಮನಸ್ಸಿನಲ್ಲಿ ಇರಲಿ. ರೊಕ್ಕ ನಮಗೆ ಬರುವಾಗ ಗುಪ್ತ ಸಂಖ್ಯೆ ಒತ್ತುವ ಕಾರಣವೇ ಇಲ್ಲ. ಒತ್ತಿರಿ ಎಂದು ಯಾರಾದರೂ ಹೇಳಿದರೆ ಅದು ಮೋಸ.

೪. ಓದದೆ, ಓದಿಸಿ ಕೇಳದೆ ಸಹಿ ಮಾಡಬೇಡಿರಿ. ಕೇಳುವವನು ಗಂಡನಿರಲಿ, ಮೈದುನನಿರಲಿ. ಜಾಮೀನು ಎಂದರೆ ಬರೀ ಸಹಿ ಅಲ್ಲ, ಅವನು ತಪ್ಪಿದರೆ ನೀವು ಕಟ್ಟಬೇಕಾದ ಸಾಲ.

೫. ಉಳಿಸಿದ್ದು ಎಲ್ಲಿದೆ ಎಂದು ತಿಳಿದಿರಲಿ. ಬ್ಯಾಂಕು ಮುಳುಗಿದರೆ ಒಬ್ಬ ಠೇವಣಿದಾರರಿಗೆ ೫ ಲಕ್ಷದವರೆಗೆ ವಿಮೆ ಇದೆ. ಪತಸಂಸ್ಥೆಗೂ ಭಿಶಿಗೂ ಆ ವಿಮೆ ಇಲ್ಲ. ಖಾತೆಗೆ ವಾರಸುದಾರರ ಹೆಸರು ತಪ್ಪದೆ ಬರೆಸಿರಿ. ಅಣ್ಣನ ಖಾತೆಯಲ್ಲಿ ಆ ಒಂದು ಸಾಲು ಖಾಲಿ ಇದ್ದುದರಿಂದ ವೈನಿಯವರು ಎಷ್ಟು ಸಲ ಕಚೇರಿಗೆ ಅಲೆದರೋ ನಾವೇ ಬಲ್ಲೆವು.

ಇದರಿಂದ ಮನೆಯಲ್ಲಿ ಒಡಕು ಬರುತ್ತದೆ ಎಂದು ಹಿರಿಯರು ಅಂಜುವುದುಂಟು. ನಮ್ಮ ಅನುಭವ ಬೇರೆ. ಲೆಕ್ಕ ಮುಚ್ಚಿದ ಮನೆಯಲ್ಲಿ ಸಂಶಯ ಬೆಳೆಯುತ್ತದೆ, ಬಿಚ್ಚಿದ ಮನೆಯಲ್ಲಿ ವಿಶ್ವಾಸ. ನಮ್ಮ ಧರ್ಮದಲ್ಲಿ ಗೃಹಸ್ಥರಿಗೆ ಪರಿಗ್ರಹ ಪರಿಮಾಣ ಅಣುವ್ರತವಿದೆ, ಶ್ರಾವಿಕೆಯರಿಗೂ ಅದೇ ವ್ರತ. ತನ್ನದು ಎಷ್ಟು ಎಂದು ತಿಳಿಯದವರು ಅದಕ್ಕೆ ಮಿತಿ ಹೇಗೆ ಹಾಕಿಕೊಂಡಾರು? ಪರ್ವದ ದಿನಗಳಲ್ಲಿ ವ್ರತ ಹಿಡಿಯುವ ತಾಯಂದಿರಿಗೆ ತಮ್ಮ ಆಸ್ತಿ, ತಮ್ಮ ಸಾಲ ಎರಡನ್ನೂ ತಿಳಿಸುವುದು ಮನೆಯ ಗಂಡಸರ ಕರ್ತವ್ಯ ಎಂದು ನಮಗೆ ತೋರುತ್ತದೆ.

ವೈನಿಯವರಿಗೆ ಈಗ ಎಪ್ಪತ್ತು ದಾಟಿದೆ. ಎರಡನೆಯ ಸಲ ಬ್ಯಾಂಕಿಗೆ ಹೋದಾಗ ತಮ್ಮ ವಹಿಯನ್ನೇ ಮೇಜಿನ ಮೇಲೆ ಇಟ್ಟರು. ಸಾಲ ಸಿಕ್ಕಿತು, ತೀರಿಯೂ ಆಯಿತು. ಈಗ ಅವರೊಡನೆ ನಾಲ್ಕು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ, ಪ್ರತಿ ಶನಿವಾರ ಪಗಾರ. ನಮ್ಮ ಅಂಗಡಿಯಿಂದ ಒಯ್ದ ಶೇಂಗಾಕ್ಕೆ ತಿಂಗಳ ಕೊನೆಗೆ ಪೂರ್ತಿ ರೊಕ್ಕ ಕೊಡುತ್ತಾರೆ. ನಮ್ಮ ಮನೆಯವರು ಅವರಿಂದ ಒಯ್ದ ಹಿಂಡಿಗೂ ಚೀಟಿ ಬರೆದು ಕಳಿಸುತ್ತಾರೆ! ಮೊದಮೊದಲು ನಮಗೆ ನಗು ಬಂತು. ಆಮೇಲೆ ಇದೇ ಸರಿ ಅನಿಸಿತು.

ದೀಪಾವಳಿ ಅಮಾವಾಸ್ಯೆಯ ಬೆಳಗಿಗೆ ಭಗವಾನ್ ಮಹಾವೀರರ ನಿರ್ವಾಣ ಲಾಡು ಅರ್ಪಿಸಿ ಬಂದು, ಪಾಡ್ಯದಂದು ಹೊಸ ವಹಿಗೆ ಪೂಜೆ ಮಾಡುವುದು ನಮ್ಮ ಅಂಗಡಿಯ ಹಳೆಯ ಪದ್ಧತಿ. ಅಜ್ಜನ ಕಾಲದಿಂದ ಆ ಮಣೆಯ ಮೇಲೆ ಗಂಡಸರ ವಹಿಗಳೇ ಇರುತ್ತಿದ್ದವು. ಕಳೆದ ಹತ್ತು ವರ್ಷಗಳಿಂದ ನಮ್ಮ ಕೆಂಪು ವಹಿಯ ಪಕ್ಕದಲ್ಲಿ ನೂರು ಪುಟದ ಒಂದು ಶಾಲೆಯ ನೋಟುಬುಕ್ಕು ಇರುತ್ತದೆ. ಕುಂಕುಮ ಎರಡಕ್ಕೂ ಹಚ್ಚುತ್ತೇವೆ. ಆ ನೋಟುಬುಕ್ಕಿನ ಮೊದಲ ಪುಟದಲ್ಲಿ ವೈನಿಯವರು ತಮ್ಮ ಕೈಯಿಂದ ತಮ್ಮ ಹೆಸರು ಬರೆದಿರುತ್ತಾರೆ.

ಈ ವರ್ಷ ಓದುಗ ಬಂಧುಗಳು ತಮ್ಮ ಮನೆಯ ವಹಿ ಪೂಜೆಯ ಮಣೆಯ ಮೇಲೆ ಇನ್ನೊಂದು ವಹಿಗೆ ಜಾಗ ಮಾಡಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.